ಕಾರ್ಡ್ ಸೆಟ್ ಪ್ರಿಂಟ್ ಆಗಿ ಬಂತು, ಏನೋ ಸರಿಯಿಲ್ಲ: ಮಲೆನಾಡಿನ ಕಲಾವಿದರಿಗೆ ದೋಷ ನಿವಾರಣೆ ಕೈಪಿಡಿ

ಟ್ರೇಡಿಂಗ್ ಕಾರ್ಡಿನಲ್ಲಿ, ಅಂದರೆ ಜನ ಕೂಡಿಟ್ಟು ಬದಲಾಯಿಸಿಕೊಳ್ಳುವ ಸಣ್ಣ ಚಿತ್ರದ ಕಾರ್ಡಿನಲ್ಲಿ, ದೋಷ ಕಾಣುವುದು ಒಂದು ಕಡೆ, ಹುಟ್ಟುವುದು ಇನ್ನೊಂದು ಕಡೆ. ಕಾರ್ಡು ಬಾಗಿದರೆ ಕಾಗದವನ್ನು ಬೈಯುತ್ತೇವೆ, ಕಾರಣ ಲ್ಯಾಮಿನೇಷನ್ ಆಗಿರುತ್ತದೆ. ಅಂಚು ಸೊಟ್ಟಗಿದ್ದರೆ ಕಟಿಂಗ್ ಮಾಡಿದವರ ಮೇಲೆ ಸಿಟ್ಟು ಬರುತ್ತದೆ, ತಪ್ಪು ನಮ್ಮ ಫೈಲಿನಲ್ಲೇ ಇರಬಹುದು. ಹಾಗಾಗಿ ಪ್ರೆಸ್ಸಿಗೆ ಫೋನ್ ಮಾಡುವ ಮೊದಲು, ದುಡ್ಡು ಕೊಟ್ಟು ಇನ್ನೊಮ್ಮೆ ಪ್ರಿಂಟ್ ಹಾಕಿಸುವ ಮೊದಲು, ತಪ್ಪು ಯಾವ ಹಂತದಲ್ಲಿ ನುಸುಳಿತು ಅಂತ ಗೊತ್ತಾಗಬೇಕು. ಹಂತಗಳು ಐದೇ: ಫೈಲು, ಪ್ರಿಂಟು, ಲ್ಯಾಮಿನೇಷನ್, ಕಟಿಂಗ್, ಪ್ಯಾಕಿಂಗ್.

ಇದಕ್ಕೆ ಒಂದು ಸುಲಭದ ದಾರಿ ಇದೆ. ಆರ್ಡರ್ ಕೊಡುವಾಗಲೇ ಹೇಳಿಬಿಡಿ: "ಅಣ್ಣಾ, ಲ್ಯಾಮಿನೇಷನ್ ಮಾಡೋಕೆ ಮೊದಲು ಒಂದು ಶೀಟು, ಕಟಿಂಗ್‌ಗೆ ಮೊದಲು ಒಂದು ಶೀಟು ನನಗೆ ಎತ್ತಿಡಿ." ಎರಡು ಶೀಟಿನ ಖರ್ಚು ಏನೇನೂ ಅಲ್ಲ. ಆಮೇಲೆ ಏನೇ ತೊಂದರೆ ಬಂದರೂ ಆ ಎರಡು ಶೀಟನ್ನು ಕಾರ್ಡಿನ ಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಈ ಕೈಪಿಡಿಯಲ್ಲಿ ಮತ್ತೆ ಮತ್ತೆ ಆ ಶೀಟುಗಳ ಮಾತು ಬರುತ್ತದೆ.

ಅಳತೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಟ್ರೇಡಿಂಗ್ ಕಾರ್ಡು ಅಂದರೆ 2.5 × 3.5 ಇಂಚು, ಅಂದರೆ 63.5 × 88.9 ಮಿ.ಮೀ. ಕೈಯಲ್ಲೇ ಚಿತ್ರ ಬರೆದು ಕಲಾವಿದರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುವ ಕಾರ್ಡಿಗೂ ಇದೇ ಅಳತೆ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿ ಬಿಡುವ ಚಿತ್ರದ ಭಾಗ) ಸೇರಿಸಿದರೆ 13 × 19 ಇಂಚಿನ ಡಿಜಿಟಲ್ ಶೀಟಿನಲ್ಲಿ 18 ಕಾರ್ಡು ಕೂರುತ್ತವೆ. ಸೆಟ್ಟನ್ನು 18 ಅಥವಾ 36ಕ್ಕೆ ನಿಲ್ಲಿಸಿದರೆ ಕಾಗದ ದಂಡ ಆಗುವುದಿಲ್ಲ. ಪರೀಕ್ಷೆಗೆ ಬೇಕಾದ ಸಾಮಾನು ಇಷ್ಟೇ: ಸ್ಟೀಲ್ ಸ್ಕೇಲು, ಒಂದು ಭೂತಗನ್ನಡಿ, ಹಗಲು ಬೆಳಕು ಬರುವ ಕಿಟಕಿ, ಸಣ್ಣ ಡಿಜಿಟಲ್ ತಕ್ಕಡಿ.

## ಕಾರ್ಡು ಬಾಗಿದೆ

ಮಲೆನಾಡಿನಲ್ಲಿ ಇದೇ ಮೊದಲ ದೂರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳದ ಹಾಗೆ ಕಾಗದವೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕಾಗದಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಮಳೆಗಾಲ ಅದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲು ಯಾವ ಕಡೆಗೆ ಬಾಗಿದೆ ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು, ಆದರೆ ಹೇಳುವುದು ಬಹಳ. ಒಂದೇ ಕಡೆ ಲ್ಯಾಮಿನೇಷನ್ ಮಾಡಿದ ಕಾರ್ಡು ಲ್ಯಾಮಿನೇಷನ್ ಇರುವ ಮುಖದ ಕಡೆಗೆ, ಬಟ್ಟಲಿನ ಒಳಭಾಗ ಆ ಮುಖವೇ ಆಗುವಂತೆ ಬಾಗಿದ್ದರೆ ಹಿಂಭಾಗದ ಕಾಗದ ತೇವ ಕುಡಿದು ಹಿಗ್ಗಿದೆ ಅಂತ ಅರ್ಥ. ಪ್ಲಾಸ್ಟಿಕ್ ಫಿಲ್ಮು ಹಿಗ್ಗುವುದಿಲ್ಲ, ಕಾಗದ ಹಿಗ್ಗುತ್ತದೆ, ಎರಡರ ಜಗ್ಗಾಟದಲ್ಲಿ ಕಾರ್ಡು ಮಡಚುತ್ತದೆ. ಇದರ ಉಲ್ಟಾ, ಅಂದರೆ ಫಿಲ್ಮಿನ ಮುಖ ಉಬ್ಬಿ ಹೊರಗೆ ಬಂದಿದ್ದರೆ ಕಾಗದ ಒಣಗಿ ಕುಗ್ಗಿದೆ. ಮಳೆಗಾಲದಲ್ಲಿ ಮಾಡಿಸಿದ ಕಾರ್ಡು ಮಾರ್ಚ್, ಏಪ್ರಿಲ್ ಬಿಸಿಲಿಗೆ ಹೀಗಾಗುತ್ತದೆ.

ಆಮೇಲೆ ಒಂದೆರಡು ದಿನದ ಪರೀಕ್ಷೆ. ಬಾಗಿದ ಹತ್ತು ಕಾರ್ಡು ತೆಗೆದುಕೊಂಡು ಎರಡು ಸಮತಟ್ಟಾದ ಹಲಗೆ ನಡುವೆ ಇಡಿ. ಮೇಲೆ ದಪ್ಪ ಪುಸ್ತಕ ಹೇರಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಇನ್ನೂ ಒಳ್ಳೆಯದು. ಒಂದೆರಡು ದಿನ ಬಿಟ್ಟು ತೆಗೆಯಿರಿ. ನೇರವಾಗಿ, ಹೊರಗಿಟ್ಟ ಮೇಲೂ ನೇರವಾಗಿಯೇ ಉಳಿದರೆ ಸಂಗ್ರಹದ ತೊಂದರೆ ಮಾತ್ರ. ಉಳಿದ ಕಾರ್ಡನ್ನೂ ಹೀಗೇ ಸರಿ ಮಾಡಿ. ಹೊರಗಿಟ್ಟ ಕೆಲವೇ ಗಂಟೆಯಲ್ಲಿ ಮತ್ತೆ ಬಾಗಿದರೆ ಮೂಲ ಒಂದೇ ಕಡೆಯ ಲ್ಯಾಮಿನೇಷನ್‌ನಲ್ಲಿದೆ. ಭಾರ ಹೇರಿ ಅದನ್ನು ಗೆಲ್ಲಲು ಆಗುವುದಿಲ್ಲ.

ಸಿಲಿಕಾ ಜೆಲ್ ಬಗ್ಗೆ ಒಂದು ಎಚ್ಚರಿಕೆ. ತೇವ ಹಿಡಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಿಳಿಯದು ಅಥವಾ ಕಿತ್ತಳೆ ಬಣ್ಣದ್ದು ಕೇಳಿ ತನ್ನಿ. ಯಾವುದೇ ಆದರೂ ಮಕ್ಕಳ ಕೈಗೆ, ಅಡುಗೆ ಸಾಮಾನಿನ ಹತ್ತಿರಕ್ಕೆ ಹೋಗಬಾರದು.

ಇನ್ನು, ಅಡಿಕೆ ಒಣಗಿಸುವ ಅಭ್ಯಾಸದಿಂದ ಕಾರ್ಡನ್ನೂ ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲೊಲೆಯ ಪಕ್ಕದಲ್ಲೋ ಇಡುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಹೊಗೆಗೆ ಬಿಳಿ ಹಳದಿಯಾಗುತ್ತದೆ, ಶಾಖಕ್ಕೆ ಫಿಲ್ಮಿನ ಅಂಟು ಸಡಿಲವಾಗುತ್ತದೆ, ಬೆಂಕಿಯ ಅಪಾಯವಂತೂ ಇದ್ದೇ ಇದೆ. ಇಸ್ತ್ರಿ ಪೆಟ್ಟಿಗೆಯನ್ನೂ ಮುಟ್ಟಿಸಬೇಡಿ.

ಎರಡೂ ಕಡೆ ಫಿಲ್ಮು ಇದ್ದೂ ಬಾಗಿದ್ದರೆ ಕಾಗದದ ಗ್ರೇನ್, ಅಂದರೆ ಅದರ ನಾರು ಸಾಗುವ ದಿಕ್ಕು, ನೋಡಬೇಕು. ಹಾಳಾದ ಒಂದು ಕಾರ್ಡನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ. ಯಾವ ಸಾಲಿನಲ್ಲಿ ಸಲೀಸಾಗಿ ಬಗ್ಗುತ್ತದೋ ಅದೇ ಗ್ರೇನಿನ ದಿಕ್ಕು. ಕಾಗದದ ನಾರು ದಪ್ಪಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಕಡಿಮೆ. ಹಾಗಾಗಿ ಬಾಗು ಯಾವಾಗಲೂ ಗ್ರೇನಿನ ಸಾಲಿಗೇ ಬರುತ್ತದೆ. ಸೆಟ್ಟಿನಲ್ಲಿ ಕೆಲವು ಕಾರ್ಡು ಉದ್ದಕ್ಕೆ, ಕೆಲವು ಅಡ್ಡಕ್ಕೆ ಬಾಗಿದ್ದರೆ ಶೀಟಿನಲ್ಲಿ ಕಾರ್ಡುಗಳನ್ನು ಎರಡು ದಿಕ್ಕಿಗೆ ಜೋಡಿಸಿದ್ದಾರೆ. ಮುಂದಿನ ಸಲ ಎಲ್ಲವನ್ನೂ ಒಂದೇ ದಿಕ್ಕಿಗೆ ಇಡಲು ಹೇಳಿ.

ಒಂದೇ ಕಡೆ ಫಿಲ್ಮು ಹಾಕಿ ಮುಗಿದುಹೋದ ಸೆಟ್ಟಿಗೆ ಮನೆಯಲ್ಲಿ ಮಾಡುವಂಥದ್ದು ಇನ್ನೇನೂ ಉಳಿದಿಲ್ಲ. ಕಟ್ ಆಗದ ಶೀಟುಗಳು ಪ್ರೆಸ್ಸಿನಲ್ಲಿ ಉಳಿದಿದ್ದರೆ ಹಿಂಭಾಗಕ್ಕೂ ಫಿಲ್ಮು ಹಾಕಿಸಬಹುದು. ಕಟ್ ಆಗಿದ್ದರೆ ಸ್ಲೀವಿನಲ್ಲಿ (ಕಾರ್ಡಿನ ಅಳತೆಯ ಪ್ಲಾಸ್ಟಿಕ್ ಲಕೋಟೆಯಲ್ಲಿ) ಹಾಕಿ, ಬಿಗಿಯಾದ ಪೆಟ್ಟಿಗೆಯಲ್ಲಿ ಕೊಡುವುದೇ ಸರಿ. ನನ್ನ ಮಟ್ಟಿಗೆ, ಮಲೆನಾಡಿನಲ್ಲಿ ಇರುವ ಕಾರ್ಡಿಗೆ ಒಂದು ಕಡೆಯ ಲ್ಯಾಮಿನೇಷನ್ ಬೇಡವೇ ಬೇಡ. ಎರಡೂ ಕಡೆ ಹಾಕಿಸಿ, ಇಲ್ಲವಾದರೆ ಲ್ಯಾಮಿನೇಷನ್ ಬಿಟ್ಟು 350 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಆರ್ಟ್ ಕಾರ್ಡನ್ನು ಹಾಗೆಯೇ ಬಳಸಿ.

## ಗದ್ದೆಯ ಹಸಿರು ಮಂಕಾಗಿದೆ

ನಾಟಿ ಮುಗಿದ ಗದ್ದೆಯ ಎಳೆ ಹಸಿರು, ಮಿಂಚುಳ್ಳಿಯ ನೀಲಿ, ಮಳೆ ನಿಂತ ಮೇಲಿನ ಕಾಡು. ಪರದೆಯ ಮೇಲೆ ಹೊಳೆಯುವ ಈ ಬಣ್ಣಗಳು ಕಾಗದದ ಮೇಲೆ ಸಪ್ಪಗಾಗುತ್ತವೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಸಯಾನ್ (ತಿಳಿನೀಲಿ), ಮೆಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಶಾಯಿಯಿಂದ ಮಾಡುತ್ತದೆ. ಕೆಲವು ಹಸಿರು, ನೀಲಿಗಳಿಗೆ ಆ ನಾಲ್ಕು ಶಾಯಿ ಸಾಲುವುದೇ ಇಲ್ಲ.

ಮೊದಲು ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಕಾರ್ಡನ್ನು ಕಿಟಕಿಯ ಬೆಳಕಿಗೆ ಒಯ್ದು ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ತೀರ್ಮಾನ ಮಾಡಬೇಡಿ. ವ್ಯತ್ಯಾಸ ತೀರಾ ಕಡಿಮೆ ಅನಿಸಿದರೆ ದೋಷವೇ ಇಲ್ಲ. ಆಮೇಲೆ ಎತ್ತಿಟ್ಟ ಲ್ಯಾಮಿನೇಷನ್ ಇಲ್ಲದ ಶೀಟನ್ನು ಪಕ್ಕದಲ್ಲಿಡಿ. ಅದರಲ್ಲಿ ಬಣ್ಣ ಗಾಢವಾಗಿದ್ದು ಕಾರ್ಡಿನಲ್ಲಿ ಮಂಕಾಗಿದ್ದರೆ ಅದು ಹೊಳಪಿಲ್ಲದ ಮ್ಯಾಟ್ ಫಿಲ್ಮಿನ ಪರಿಣಾಮ. ಮ್ಯಾಟ್ ಹಾಕಿದರೆ ಕಪ್ಪು ಸ್ವಲ್ಪ ಬೂದಿಯಾಗುತ್ತದೆ, ಹೊಳೆಯುವ ಗ್ಲಾಸಿ ಫಿಲ್ಮು ಹಾಕಿದರೆ ಬಣ್ಣ ಆಳವಾಗುತ್ತದೆ.

ಎರಡೂ ಮಂಕಾಗಿದ್ದರೆ ಫೈಲಿಗೆ ಹಿಂತಿರುಗಿ. ಹಸಿರಿನಲ್ಲಿ ಮೆಜೆಂಟಾ ಎಷ್ಟಿದೆ ನೋಡಿ. ಸ್ವಲ್ಪ ಮೆಜೆಂಟಾ ಸೇರಿದರೂ ಹಸಿರು ಸಾಯುತ್ತದೆ. ಮೆಜೆಂಟಾ, ಕಪ್ಪು ಎರಡನ್ನೂ ತೆಗೆದು ಹಳದಿ ಏರಿಸಿ. ಅಷ್ಟಕ್ಕೂ ಸಾಲದಿದ್ದರೆ ಸುತ್ತಲಿನ ಬಣ್ಣವನ್ನು ತಗ್ಗಿಸಿ, ಆಗ ಹಸಿರು ತಾನೇ ಎದ್ದು ಕಾಣುತ್ತದೆ. ದೊಡ್ಡ ಕಪ್ಪು ಹಿನ್ನೆಲೆ ಬೂದಿಯಾಗಿ ಕಂಡರೆ ಬರೀ ಕಪ್ಪು ಶಾಯಿ ಹಾಕಿದ್ದೀರಿ. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಅಂತ ಕೊಟ್ಟರೆ ತುಂಬಿಕೊಂಡು ಬರುತ್ತದೆ. ಸಣ್ಣ ಅಕ್ಷರಕ್ಕೆ ಮಾತ್ರ ಬರೀ ಕಪ್ಪೇ ಇರಲಿ.

ಒಂದೇ ಕಾರ್ಡು ಒಂದು ಶೀಟಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಬಂದಿದ್ದರೆ ಅದು ಪ್ರೆಸ್ಸಿನ ಕೆಲಸ. ಎರಡನ್ನೂ ತೋರಿಸಿ ಕೇಳಿ, ಫೈಲಿನಲ್ಲಿ ಒದ್ದಾಡಬೇಡಿ.

## ಬಿಳಿ ಗೆರೆ ಮುಚ್ಚಿಹೋಗಿದೆ, ಅಥವಾ ಗೆರೆಯ ಪಕ್ಕ ಬಣ್ಣದ ನೆರಳಿದೆ

ಹಸೆ ಚಿತ್ತಾರದ ಶೈಲಿಯಲ್ಲಿ ಕಾರ್ಡು ಮಾಡುವವರಿಗೆ ಇದು ಬಂದೇ ಬರುತ್ತದೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಆ ಕಲೆಯ ಜೀವವೇ ಗೆರೆ. ಕಾರ್ಡಿನಲ್ಲಿ ಗೆರೆ ಹೋದರೆ ಚಿತ್ತಾರವೇ ಹೋದಂತೆ. ಗೋಡೆಯ ಮೇಲಿನ ಚಿತ್ತಾರವನ್ನು ಬಳಸುವುದಾದರೆ ಬರೆದವರ ಒಪ್ಪಿಗೆ ಕೇಳಿ, ಕಾರ್ಡಿನ ಹಿಂದೆ ಅವರ ಹೆಸರು ಹಾಕಿ. ಪ್ರಿಂಟಿನ ಮಾತು ಆಮೇಲೆ.

ಮೊದಲು ಲೆಕ್ಕ ಹಾಕಿ. 12 ಇಂಚು ಅಗಲದ ಮೂಲ ಚಿತ್ರವನ್ನು 2.5 ಇಂಚಿಗೆ ಇಳಿಸಿದರೆ 1 ಮಿ.ಮೀ. ದಪ್ಪದ ಗೆರೆ ಸುಮಾರು 0.2 ಮಿ.ಮೀ. ಆಗುತ್ತದೆ. ಗಾಢ ಬಣ್ಣದ ನಡುವೆ ಬಿಡುವ ಬಿಳಿ ಗೆರೆ 0.35 ಮಿ.ಮೀ.ಗಿಂತ ಸಣ್ಣದಾದರೆ ಸುತ್ತಲಿನ ಶಾಯಿ ಹರಡಿ ಅದನ್ನು ನುಂಗುತ್ತದೆ. ಇದು ಪ್ರೆಸ್ಸಿನ ತಪ್ಪಲ್ಲ. ಇಡೀ ಚಿತ್ತಾರವನ್ನು ಕುಗ್ಗಿಸುವ ಬದಲು ಒಂದು ಮೂಲೆಯನ್ನೋ ತೇರಿನ ಒಂದು ಭಾಗವನ್ನೋ ಆರಿಸಿ ದೊಡ್ಡದಾಗಿ ಇಡಿ. ಒಂದು ಚಿತ್ತಾರ ನಾಲ್ಕು ಕಾರ್ಡಿಗೆ ಹರಡಿಕೊಂಡರೆ ಸೆಟ್ಟಿಗೂ ಚಂದ, ಅಲ್ವಾ?

ಗೆರೆ ಇದೆ, ಆದರೆ ಒಂದು ಪಕ್ಕ ನೀಲಿ ಅಥವಾ ಗುಲಾಬಿ ನೆರಳು ಕಾಣುತ್ತದೆ ಅನ್ನಿ. ಭೂತಗನ್ನಡಿಯಲ್ಲಿ ನೋಡಿ. ಎಲ್ಲ ಗೆರೆಗೂ ಒಂದೇ ದಿಕ್ಕಿನಲ್ಲಿ ನೆರಳಿದ್ದರೆ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಪ್ರೆಸ್ಸಿನವರು ಇದಕ್ಕೆ ರಿಜಿಸ್ಟ್ರೇಷನ್ ಹೋಗಿದೆ ಅಂತಾರೆ. ಅವರು ಸರಿಪಡಿಸಬೇಕು. ನಿಮ್ಮ ಕಡೆಯಿಂದ ಮಾಡಬಹುದಾದದ್ದು: ಕೆಮ್ಮಣ್ಣಿನ ಬಣ್ಣವನ್ನು ಮೆಜೆಂಟಾ, ಹಳದಿ, ಚೂರು ಕಪ್ಪಿನಲ್ಲೇ ಮಾಡಿ, ಸಯಾನ್ ಪೂರ್ತಿ ತೆಗೆಯಿರಿ. ಶಾಯಿ ಕಡಿಮೆಯಾದಷ್ಟೂ ನೆರಳು ಕಡಿಮೆ.

## ಕನ್ನಡ ಅಕ್ಷರ ಒಡೆದಿದೆ

ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಹೆಸರು ಕಾರ್ಡಿನಲ್ಲಿ "ಶಿವಮೊಗ್‌ಗ" ಅಂತ ಬಂದಿದ್ದರೆ ಪ್ರೆಸ್ಸಿನ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬರುತ್ತಿಲ್ಲ. ಒತ್ತಕ್ಷರ, ಅರ್ಕಾವತ್ತು ಮೊದಲು ಹಾಳಾಗುತ್ತವೆ. ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದಿದ್ದರೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟು ಅಲ್ಲಿ ಇಲ್ಲ.

ಎರಡಕ್ಕೂ ಮದ್ದು ಒಂದೇ. ಅಕ್ಷರಗಳನ್ನು ಕರ್ವ್ ಮಾಡಿ ಕಳಿಸಿ. ಆಗ ಅವು ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತವೆ, ಎಲ್ಲಿ ತೆರೆದರೂ ಹಾಗೇ ಇರುತ್ತವೆ. ಕರ್ವ್ ಮಾಡುವ ಮೊದಲು ತಿದ್ದಬಹುದಾದ ಫೈಲಿನ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಕರ್ವ್ ಆದ ಮೇಲೆ ಇನ್ನೊಬ್ಬರ ಕೈಲಿ ಓದಿಸಿ. ಫೋಟೋಶಾಪ್, ಇನ್‌ಡಿಸೈನ್‌ನಲ್ಲಿ ನಿಮ್ಮ ಕಡೆಯೇ ಒಡೆದು ಕಾಣುತ್ತಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಅನ್ನುವ ಆಯ್ಕೆ ಹಾಕಿ. ಇಂಕ್‌ಸ್ಕೇಪ್‌ನಲ್ಲಿ ಈ ಕಾಟ ಇಲ್ಲ, ದುಡ್ಡೂ ಕೊಡಬೇಕಿಲ್ಲ.

ಒಡೆದಿಲ್ಲ, ಆದರೆ ಒತ್ತಕ್ಷರದ ಹೊಟ್ಟೆ ತುಂಬಿಕೊಂಡು ಮಸಿ ಆಗಿದ್ದರೆ ಅಕ್ಷರ ತೀರಾ ಸಣ್ಣದು. ಇಂಗ್ಲಿಷಿನ ಅಂದಾಜಿನಲ್ಲಿ ಕನ್ನಡ ಇಡಬೇಡಿ. 7 ಪಾಯಿಂಟಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಅಭಿಪ್ರಾಯ.

## ಅಂಚು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ

ಸ್ಕೇಲು ಹಿಡಿದು ಕಾರ್ಡಿನ ಪೂರ್ತಿ ಅಳತೆ ತೆಗೆಯಿರಿ. 88.9 ಇರಬೇಕಾದ್ದು 86ರ ಹತ್ತಿರ ಇದ್ದು, ಒಳಗಿನ ಚಿತ್ರವೂ ಅಷ್ಟೇ ಕುಗ್ಗಿದ್ದರೆ ಪ್ರಿಂಟ್ ಕೊಡುವಾಗ 'ಪುಟಕ್ಕೆ ಹೊಂದಿಸು' ಅನ್ನುವುದು ಆನ್ ಆಗಿತ್ತು. ಶೇಕಡಾ 100ಕ್ಕೆ ಇಟ್ಟು ಪ್ರಿಂಟ್ ಕೊಡಿ, ಮುಗಿಯಿತು.

ಅಳತೆ ಸರಿಯಿದ್ದರೆ ಕಟ್ಟಿನ ಮೇಲಿನಿಂದ, ನಡುವಿನಿಂದ, ತಳದಿಂದ ಕೆಲವು ಕಾರ್ಡು ತೆಗೆದು ಸಾಲಾಗಿಡಿ. ಎಲ್ಲದರಲ್ಲೂ ಅಂಚು ಒಂದೇ ಕಡೆ ಸರಿದಿದ್ದರೆ ಕಟಿಂಗ್ ಮಾರ್ಕು ಅಥವಾ ಜೋಡಣೆ ತಪ್ಪಿದೆ. ಮೇಲಿನದು ಒಂದು ಥರ, ತಳದ್ದು ಇನ್ನೊಂದು ಥರ ಇದ್ದರೆ ಕತ್ತರಿಸುವಾಗ ಕಟ್ಟು ಜಾರಿದೆ. ಬ್ಲೇಡು ಮೊಂಡಾದಾಗ, ಒಂದೇ ಸಲಕ್ಕೆ ಜಾಸ್ತಿ ಶೀಟು ಇಟ್ಟಾಗ, ಮ್ಯಾಟ್ ಫಿಲ್ಮು ನುಣುಪಾಗಿದ್ದಾಗ ಹೀಗಾಗುತ್ತದೆ. ಮುಂಭಾಗ ಸರಿ, ಹಿಂಭಾಗ ಮಾತ್ರ ಸರಿದಿದೆ ಅಂದರೆ ಎತ್ತಿಟ್ಟ ಕಟ್ ಆಗದ ಶೀಟನ್ನು ಕಿಟಕಿಗೆ ಹಿಡಿದು ಎರಡೂ ಕಡೆಯ ಮಾರ್ಕು ಕೂಡುತ್ತದಾ ನೋಡಿ. ಡಿಜಿಟಲ್ ಪ್ರೆಸ್ಸಿನಲ್ಲಿ 1 ಮಿ.ಮೀ. ಆಚೀಚೆ ಸಹಜ. ಅದಕ್ಕೆ ಜಗಳ ಆಡಬಾರದು.

ಆ 1 ಮಿ.ಮೀ. ಕಣ್ಣಿಗೆ ಹೊಡೆಯುವುದು ನಮ್ಮ ವಿನ್ಯಾಸದಿಂದ. ಸುತ್ತ 2 ಮಿ.ಮೀ. ಅಂಚು ಇಟ್ಟರೆ ಒಂದು ಕಡೆ 3, ಇನ್ನೊಂದು ಕಡೆ 1 ಆಗುತ್ತದೆ. 5 ಇಟ್ಟರೆ 6 ಮತ್ತು 4, ಯಾರಿಗೂ ಗೊತ್ತಾಗುವುದಿಲ್ಲ. ಅಂಚೇ ಇಲ್ಲದೆ ಚಿತ್ರವನ್ನು ಬ್ಲೀಡಿನವರೆಗೆ ಹರಡಿದರೆ ಸಮಸ್ಯೆಯೇ ಇಲ್ಲ. ಅಕ್ಷರ, ನಂಬರ್ ಮಾತ್ರ ಕತ್ತರಿಸುವ ಗೆರೆಯಿಂದ 3 ಮಿ.ಮೀ. ಒಳಗಿರಲಿ.

ಅಂಚಿನಲ್ಲಿ ಬಿಳಿ ಬಿಳಿ ಚಕ್ಕೆ ಎದ್ದಿದ್ದರೆ, ಬೆರಳಾಡಿಸಿದಾಗ ಒರಟಾಗಿದ್ದರೆ ಬ್ಲೇಡು ಸಾಣೆಗೆ ಹೋಗಬೇಕು. ಅದನ್ನು ಮೆಷೀನಿನವರಿಗೆ ಹೇಳಿ, ನೀವು ಹತ್ತಿರ ಹೋಗಬೇಡಿ. ಕಟಿಂಗ್ ಮಷೀನಿಗೆ ಕೈಯೂ ಕಾಗದವೂ ಒಂದೇ. ಮನೆಯಲ್ಲಿ ಕತ್ತರಿಸುವುದಾದರೆ ಸ್ಟೀಲ್ ಸ್ಕೇಲು ಒತ್ತಿ ಹಿಡಿದು, ಬೆರಳು ಬ್ಲೇಡಿನ ದಾರಿಗೆ ಬರದಂತೆ, ಎರಡು ಮೂರು ಎಳೆತದಲ್ಲಿ ಕತ್ತರಿಸಿ. ಕೈ ಸೋತಾಗ ನಿಲ್ಲಿಸಿ.

## ಲ್ಯಾಮಿನೇಷನ್ ಏಳುತ್ತಿದೆ, ಒಳಗೆ ಬೆಳ್ಳಿ ಚುಕ್ಕೆ ಕಾಣುತ್ತಿದೆ

ಚುಕ್ಕೆ ಎಲ್ಲಿದೆ ಅನ್ನುವುದೇ ಸುಳಿವು. ಗಾಢ ಬಣ್ಣದ ಜಾಗದಲ್ಲಿ ಮಾತ್ರ ಬೆಳ್ಳಿಯ ಹಾಗೆ ಮಿನುಗಿದರೆ ಶಾಖ ಅಥವಾ ಒತ್ತಡ ಸಾಲದೆ ಫಿಲ್ಮು ಪೂರ್ತಿ ಅಂಟಿಲ್ಲ. ಅಲ್ಲೊಂದು ಇಲ್ಲೊಂದು ಗುಳ್ಳೆಯಿದ್ದರೆ ಧೂಳು. ಅಂಚಿನಿಂದ ಏಳುತ್ತಿದ್ದರೆ ತೇವದ ಕಾಗದ ಅಥವಾ ಮೊಂಡು ಬ್ಲೇಡು.

ಬೆಳ್ಳಿ ಮಿನುಗಿಗೆ ಕಟ್ ಆಗದ ಒಂದು ಶೀಟನ್ನು ಮತ್ತೊಮ್ಮೆ ಬಿಸಿ ರೋಲರಿನಲ್ಲಿ ಹಾಯಿಸಲು ಕೇಳಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಆಫ್‌ಸೆಟ್ ಪ್ರಿಂಟಾದರೆ ಶಾಯಿ ಒಣಗಲು ಕನಿಷ್ಠ ಒಂದು ದಿನ ಬಿಟ್ಟು ಲ್ಯಾಮಿನೇಷನ್ ಮಾಡಲಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅವಸರ ಮಾಡಿಸಿದರೆ ಕಳೆದುಕೊಳ್ಳುವವರು ನಾವೇ. ಉಗುರಿನಲ್ಲಿ ಎಬ್ಬಿಸಿದ ಕೂಡಲೇ ಫಿಲ್ಮು ಹಾಳೆಯಾಗಿ ಕಿತ್ತು ಬಂದರೆ ಆ ಕಾರ್ಡು ಮಾರಲು ಲಾಯಕ್ಕಲ್ಲ. ಪ್ರೆಸ್ಸಿಗೆ ಒಯ್ದು ತೋರಿಸಿ.

## ಕಾರ್ಡುಗಳು ಅಂಟಿಕೊಂಡಿವೆ, ಬೂಷ್ಟು ಬಂದಿದೆ

ಅಂಟಿದ್ದನ್ನು ಎಳೆದು ಕೀಳಬೇಡಿ. ಮೊದಲು ಸ್ಲೀವು ನೋಡಿ. ಪಿವಿಸಿ ಸ್ಲೀವು ಕಾಲ ಕಳೆದಂತೆ ಬೆವರಿ ಟೋನರನ್ನೇ (ಡಿಜಿಟಲ್ ಪ್ರಿಂಟಿನ ಪುಡಿ ಶಾಯಿಯನ್ನೇ) ಎಬ್ಬಿಸಿಬಿಡುತ್ತದೆ. ಪಾಲಿಪ್ರೊಪಿಲೀನ್ ಸ್ಲೀವು ಕೇಳಿ ತೆಗೆದುಕೊಳ್ಳಿ. ಸ್ಲೀವಿಲ್ಲದೆ ಕಾರ್ಡಿಗೆ ಕಾರ್ಡೇ ಅಂಟಿದ್ದರೆ ಶಾಯಿಯೋ ವಾರ್ನಿಷೋ ಒಣಗುವ ಮೊದಲೇ ಕಟ್ಟು ಕಟ್ಟಿದ್ದಾರೆ.

ಬೂಷ್ಟು ಬಂದ ಕಾರ್ಡನ್ನು ಉಳಿದವುಗಳಿಂದ ಆಗಲೇ ಬೇರೆ ಮಾಡಿ. ಮಾಸ್ಕ್ ಹಾಕಿಕೊಂಡು ಹೊರಗೆ, ಗಾಳಿಯಲ್ಲಿ ಕೆಲಸ ಮಾಡಿ. ಫಿಲ್ಮಿನ ಮೇಲಷ್ಟೇ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಬಹುದು. ಕಾಗದದ ಒಳಗೆ ಕಂದು ಚುಕ್ಕೆ ಇಳಿದಿದ್ದರೆ ಬಿಡಿ, ಅದು ಹೋಗುವುದಿಲ್ಲ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಮಳೆಯೆಂದು ಕಿಟಕಿ ಮುಚ್ಚಿಕೊಂಡು ಸ್ಪ್ರೇ ವಾರ್ನಿಷ್ ಹೊಡೆಯುವವರಿಗೂ ಇದೇ ಮಾತು: ಅದರ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಮಳೆ ಬಿಡುವವರೆಗೆ ಕಾಯಿರಿ.

## ಮನೆಯ ಪ್ರಿಂಟರಿನಲ್ಲಿ ಅಡ್ಡ ಗೆರೆ

ಇಂಕ್ ಪ್ರಿಂಟರಾದರೆ ನಾಝಲ್ ಚೆಕ್ (ಇಂಕು ಬರುವ ಸಣ್ಣ ತೂತುಗಳ ಪರೀಕ್ಷೆ) ಪ್ರಿಂಟು ತೆಗೆಯಿರಿ. ಗೆರೆ ಕಡಿದಿದ್ದರೆ ಹೆಡ್ ಕ್ಲೀನಿಂಗ್ ಒಂದೆರಡು ಸಲ ಮಾಡಿ, ರಾತ್ರಿಯಿಡೀ ಬಿಟ್ಟು ಮತ್ತೆ ನೋಡಿ. ಸುಮ್ನೆ ಮೇಲಿಂದ ಮೇಲೆ ಮಾಡಿದರೆ ಇಂಕು ಖಾಲಿ, ಒಳಗಿನ ವೇಸ್ಟ್ ಪ್ಯಾಡೂ ತುಂಬುತ್ತದೆ. ಆಗಲೂ ಹೋಗದಿದ್ದರೆ ಸರ್ವಿಸಿನವರಿಗೆ ಕೊಡಿ. ಕರೆಂಟು ಹೋಗುತ್ತದೆಂದು ಲೇಸರ್ ಪ್ರಿಂಟರನ್ನು ಮನೆಯ ಸಣ್ಣ ಇನ್ವರ್ಟರಿಗೆ ಹಾಕಬೇಡಿ. ಬಿಸಿಯಾಗುವಾಗ ಅದು ಎಳೆಯುವ ವಿದ್ಯುತ್ತು ಬಹಳ.

## ಪ್ಯಾಕಿನಲ್ಲಿ ಕಾರ್ಡು ಕಡಿಮೆ, ಅಥವಾ ಒಂದೇ ಕಾರ್ಡು ಎರಡು

350 ಜಿಎಸ್‌ಎಂನ ಒಂದು ಕಾರ್ಡು ಸುಮಾರು 2 ಗ್ರಾಂ ತೂಗುತ್ತದೆ, ಲ್ಯಾಮಿನೇಷನ್ ಇದ್ದರೆ ಇನ್ನು ಸ್ವಲ್ಪ ಜಾಸ್ತಿ. ಎಣಿಸಿ ತುಂಬಿದ ಒಂದು ಪ್ಯಾಕನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಟ್ಟು ತೂಕ ಬರೆದುಕೊಳ್ಳಿ. ಉಳಿದ ಪ್ಯಾಕುಗಳನ್ನು ಅದರ ಜೊತೆ ಹೋಲಿಸಿ. ಹತ್ತು ಕಾರ್ಡಿನ ಪ್ಯಾಕಿನಲ್ಲಿ ತೇವದಿಂದ ಆಗುವ ವ್ಯತ್ಯಾಸ ಒಂದು ಕಾರ್ಡಿನ ತೂಕಕ್ಕಿಂತ ಕಡಿಮೆ, ಹಾಗಾಗಿ 2 ಗ್ರಾಂ ಕಮ್ಮಿ ಬಂದರೆ ಕಾರ್ಡು ತಪ್ಪಿದೆ ಅಂತಲೇ ಲೆಕ್ಕ. ಪ್ಯಾಕು ಒಡೆಯದೆ ನೂರಾರು ಪ್ಯಾಕು ನೋಡಿ ಮುಗಿಸಬಹುದು.

ಒಂದೇ ಕಾರ್ಡು ಎರಡು ಬಿದ್ದಿರುವುದನ್ನು ತಕ್ಕಡಿ ಹೇಳುವುದಿಲ್ಲ. ಅದಕ್ಕೆ ಕಾರಣ ಹೆಚ್ಚಾಗಿ ಮೇಜಿನ ಮೇಲಿನ ಜೋಡಣೆ. ಕಟಿಂಗಿನಿಂದ ಬಂದ 18 ಕಟ್ಟುಗಳನ್ನು ನಂಬರಿನ ಪ್ರಕಾರ ಸಾಲಾಗಿಟ್ಟು, ಒಂದೊಂದರಿಂದ ಒಂದೊಂದು ಎತ್ತುತ್ತಾ ಹೋಗಿ. ನಡುವೆ ಯಾರಾದರೂ ಕರೆದರೆ ಆ ಸಾಲು ಮುಗಿಸಿಯೇ ಏಳಿ. ಕೊನೆಗೆ ಒಂದು ಕಟ್ಟು ಬೇಗ ಖಾಲಿಯಾಗಿ ಇನ್ನೊಂದರಲ್ಲಿ ಕಾರ್ಡು ಉಳಿದರೆ ಎಲ್ಲೋ ಡಬಲ್ ಆಗಿದೆ. ಅಂಚೆಗೆ ಹಾಕುವ ಮೊದಲೇ ಆ ದಿನದ ಪ್ಯಾಕುಗಳನ್ನು ಬಿಚ್ಚಿ ಹುಡುಕಿ.

ಅಪರೂಪದ ಕಾರ್ಡು ಅಂತ ಹೇಳಿ ಮಾರುವುದಿದ್ದರೆ ಈ ಎಣಿಕೆ ಇನ್ನೂ ಮುಖ್ಯ. ಐವತ್ತೇ ಪ್ರತಿ ಅಂದಿದ್ದರೆ ಐವತ್ತೇ ಇರಬೇಕು. ಪ್ರೆಸ್ಸಿನವರು ಹಾಳಾಗಬಹುದೆಂದು ಜಾಸ್ತಿ ಹಾಕಿದ ಶೀಟುಗಳಿದ್ದರೆ ಅವುಗಳಲ್ಲಿರುವ ಅಪರೂಪದ ಕಾರ್ಡನ್ನು ಕತ್ತರಿಸಿ ಹಾಕಿ. ಉಳಿದ ಕಾರ್ಡುಗಳನ್ನು ನಂಬರು ಬರೆದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎತ್ತಿಡಿ. ಅಂಚೆಯಲ್ಲಿ ನೆನೆದು ಹಾಳಾದವರಿಗೆ ಬದಲಿ ಕಳಿಸಲು ಅವೇ ಬೇಕಾಗುತ್ತವೆ.